ಈಜುಕೊಳದ ಪಂಪು ನಿಧಾನ ಕಲಿತದ್ದು

ಎರಡನೇ ಮಹಾಯುದ್ಧದ ನಂತರ ಅಮೆರಿಕದ ಕ್ಯಾಲಿಫೋರ್ನಿಯಾ, ಆರಿಜೋನಗಳ ಬಿಸಿಲುನಾಡಿನಲ್ಲಿ ಹಿತ್ತಲಿನ ಈಜುಕೊಳ ಮಧ್ಯಮ ವರ್ಗದ ಮನೆಗಳಿಗೂ ಬಂತು. ಜೊತೆಗೆ ಬಂದ ಪಂಪಿಗೆ ಗೊತ್ತಿದ್ದದ್ದು ಒಂದೇ ವೇಗ, ನಿಮಿಷಕ್ಕೆ ಸುಮಾರು 3,450 ಸುತ್ತು. ನೀರು ಬೆಚ್ಚಗಾದಷ್ಟೂ ಪಾಚಿ ಬೇಗ ಹಬ್ಬುತ್ತದೆ. ಬಿಸಿಲಿಗೆ ಕ್ಲೋರಿನ್ ಬೇಗ ಸತ್ವ ಕಳೆದುಕೊಳ್ಳುತ್ತದೆ. ಹಾಗಾಗಿ ಬೇಸಿಗೆಯಲ್ಲಿ ಪಂಪು ಗಂಟೆಗಟ್ಟಲೆ ಓಡಲೇಬೇಕು. ಬೇಕಾದದ್ದಕ್ಕಿಂತ ದೊಡ್ಡ ಮೋಟಾರು ಕೂರಿಸಿದ ಕಡೆಯಲ್ಲೆಲ್ಲ ಮನೆಯವರು ವರ್ಷಗಟ್ಟಲೆ ಬಿಲ್ಲು ಕಟ್ಟಿದರು. ಅದು ನಿಜಕ್ಕೂ ಅನ್ಯಾಯ.

ಉಳಿತಾಯದ ಗುಟ್ಟು ಇದ್ದದ್ದು ವೇಗದಲ್ಲಿ. ಪಂಪಿನ ವೇಗ ಅರ್ಧಕ್ಕಿಳಿದರೆ ಹರಿವು ಅರ್ಧವಾಗುತ್ತದೆ, ಬೇಕಾಗುವ ವಿದ್ಯುತ್ತು ಮಾತ್ರ ಹೆಚ್ಚುಕಡಿಮೆ ಎಂಟನೇ ಒಂದು ಭಾಗಕ್ಕೆ ಕುಸಿಯುತ್ತದೆ. ಲೆಕ್ಕದ ಪ್ರಕಾರ, 1,600 ವ್ಯಾಟ್ ಎಳೆಯುತ್ತಿದ್ದ ಪಂಪಿಗೆ 200 ಸಾಕು! ಅಷ್ಟೇ ನೀರು ಸೋಸಲು ಎರಡರಷ್ಟು ಹೊತ್ತು ಓಡಿಸಿದರೂ ಖರ್ಚು ಕಾಲು ಭಾಗ. ಮೋಟಾರಿನೊಳಗೆ ಶಾಶ್ವತ ಅಯಸ್ಕಾಂತ, ಮೇಲೆ ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್ ಬಂದ ಮೇಲೆ ಇದು ಮನೆಮನೆಗೂ ಎಟುಕಿತು.

ಆದರೂ ಅಗ್ಗದ ಹಳೇ ಪಂಪನ್ನು ಸರಿಸಲು ಕಾನೂನೇ ಬೇಕಾಯಿತು. ಮೊದಲು ಹೆಜ್ಜೆ ಇಟ್ಟದ್ದು ಕ್ಯಾಲಿಫೋರ್ನಿಯಾ. 2021ರ ಜುಲೈ 19ರಿಂದ ಇಡೀ ಅಮೆರಿಕಕ್ಕೆ ದಕ್ಷತೆಯ ನಿಯಮ ಜಾರಿಯಾಯಿತು. ಫಿಲ್ಟರನ್ನು ಹಿಮ್ಮುಖವಾಗಿ ತೊಳೆಯುವಾಗ ಹೊಸ ಪಂಪಿಗೂ ಹಳೆಯ ಜೋರು ಬೇಕು. ಉಳಿದ ಬಹುಪಾಲು ಹೊತ್ತು ಅದು ನಿಧಾನವಾಗಿಯೇ ತಿರುಗುತ್ತದೆ.