ಮಿಷನ್ ಆಸ್ಪತ್ರೆಯ ತೂಕದ ಪುಸ್ತಕಗಳು

ಕೆಲವು ವರ್ಷಗಳ ಹಿಂದೆ ಅಮ್ಮನನ್ನು ಮೈಸೂರಿನ ವೈದ್ಯರೊಬ್ಬರ ಬಳಿ ಕರೆದುಕೊಂಡು ಹೋಗಿದ್ದೆ. ಒಲೆಯ ಮೇಲೆ ಹಾಲಿಟ್ಟು ಮರೆಯುವುದು, ಕೇಳಿದ್ದನ್ನೇ ಮತ್ತೆ ಕೇಳುವುದು ಹೆಚ್ಚಾಗಿತ್ತು. ಅವರು ಚೀಟಿಯಿಂದ ತಲೆಯೆತ್ತದೆ 'ವಯಸ್ಸಾಯ್ತಲ್ಲಮ್ಮ, ಇನ್ನೇನು' ಎಂದರು. ಎಷ್ಟು ವಯಸ್ಸು ಎಂದಾಗ ಅಮ್ಮ ನಕ್ಕಳು. ಅವಳು ಹುಟ್ಟಿದ್ದು ಮನೆಯಲ್ಲಿ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡ ತಾರೀಖೇ ಅವಳ ಹುಟ್ಟುಹಬ್ಬ.

'ವಯಸ್ಸಾಯ್ತು' ಎಂಬುದು ಕಾಯಿಲೆಯ ಹೆಸರಲ್ಲ ಎನ್ನುವುದೇ ವೃದ್ಧರ ವೈದ್ಯಶಾಸ್ತ್ರದ ಮೊದಲ ಪಾಠ. 1909ರಲ್ಲಿ ನ್ಯೂಯಾರ್ಕಿನ ವೈದ್ಯ ಇಗ್ನಾಟ್ಸ್ ನಾಶರ್ 'ಜೀರಿಯಾಟ್ರಿಕ್ಸ್' ಎಂಬ ಪದವನ್ನು ಟಂಕಿಸಿದ್ದು ಇದನ್ನು ಹೇಳಲಿಕ್ಕೇ. ಬಾಲ್ಯದಂತೆ ಮುಪ್ಪೂ ಬದುಕಿನ ಒಂದು ಘಟ್ಟ. ಅದರಲ್ಲಿ ಬರುವ ರೋಗಗಳು ಬೇರೆ. ಈ ಶಾಸ್ತ್ರಕ್ಕೆ ನಮ್ಮ ಊರು ಕೊಟ್ಟ ಕಾಣಿಕೆ ನನಗೆ ತಿಳಿದದ್ದು ಆ ಭೇಟಿಯ ನಂತರವೇ.

ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆ ಹಳೆಯ ಮೈಸೂರಿಗರಿಗೆ ಬರೀ 'ಮಿಷನ್ ಆಸ್ಪತ್ರೆ'. ವೆಸ್ಲಿಯನ್ ಮಿಷನರಿಗಳು 1906ರಲ್ಲಿ ಆರಂಭಿಸಿದ್ದು. ಅಲ್ಲಿ 1934ರಿಂದಾಚೆಗಿನ ಹೆರಿಗೆಯ ಪುಸ್ತಕಗಳು ಉಳಿದುಬಂದಿದ್ದವು. ಪ್ರತಿ ಮಗುವಿನ ತೂಕ, ಉದ್ದ, ತಲೆಯ ಸುತ್ತಳತೆ ಮತ್ತು ತಾಯಿಯ ತೂಕವನ್ನು ಅವುಗಳಲ್ಲಿ ಬರೆದಿಡಲಾಗಿತ್ತು. ಬರೆದವರಿಗೆ ಅದು ದಿನನಿತ್ಯದ ಕೆಲಸ.

ಇತ್ತ ಇಂಗ್ಲೆಂಡಿನ ಸೌತಾಂಪ್ಟನ್‌ನಲ್ಲಿ ಡೇವಿಡ್ ಬಾರ್ಕರ್ ಎಂಬ ವೈದ್ಯರು ಹರ್ಟ್‌ಫರ್ಡ್‌ಶೈರಿನ ಇಂಥವೇ ಪುಸ್ತಕಗಳನ್ನು ಹಿಡಿದು, ಹುಟ್ಟುವಾಗ ಹಗುರವಾಗಿದ್ದವರಲ್ಲಿ ಮುಂದೆ ಹೃದ್ರೋಗದ ಸಾವು ಹೆಚ್ಚು ಎಂದು ತೋರಿಸಿದ್ದರು. ಹಗುರ ಮಕ್ಕಳೇ ಹೆಚ್ಚು ಹುಟ್ಟುವ ನಮ್ಮಲ್ಲಿ ಇದು ನಿಜವಾದರೆ? ಅವರ ಸಹೋದ್ಯೋಗಿ ಕ್ಯಾರೊಲಿನ್ ಫಾಲ್ ಮತ್ತು ಮೈಸೂರಿನ ತಂಡ 1993ರಿಂದ ಆಸ್ಪತ್ರೆಯ ಸುತ್ತಲಿನ ಬೀದಿಗಳಲ್ಲಿ ಮನೆಮನೆಗೆ ಹೋಗಿ 'ನೀವು ಮಿಷನ್ ಆಸ್ಪತ್ರೆಯಲ್ಲಿ ಹುಟ್ಟಿದವರೇ?' ಎಂದು ವಿಚಾರಿಸಿತು. ಜನರ ನೆನಪನ್ನು ಪುಸ್ತಕದ ಸಾಲಿಗೆ ಹೊಂದಿಸುವುದು ಸುಲಭದ ಕೆಲಸವಲ್ಲ. ಆದರೂ 2001ರ ಹೊತ್ತಿಗೆ 1934ರಿಂದ 1966ರವರೆಗೆ ಅಲ್ಲಿ ಹುಟ್ಟಿದ 3,427 ಮಂದಿ ಸಿಕ್ಕಿದರು.

ಮೊದಲ ಫಲಿತಾಂಶ 1996ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಬಂತು. ಪರೀಕ್ಷಿಸಿದ 517 ಮಂದಿಯಲ್ಲಿ, ಐದೂವರೆ ಪೌಂಡ್ ಅಥವಾ ಅದಕ್ಕಿಂತ ಕಡಿಮೆ ತೂಕದಲ್ಲಿ ಹುಟ್ಟಿದವರಲ್ಲಿ ಶೇ. 11ರಷ್ಟು ಜನರಿಗೆ ಹೃದಯದ ರಕ್ತನಾಳದ ಕಾಯಿಲೆ ಇತ್ತು. ಏಳು ಪೌಂಡ್ ಮೀರಿದವರಲ್ಲಿ ಅದು ಶೇ. 3. ತಾಯಂದಿರೂ ಸಣಕಲಾಗಿದ್ದರೆ ಅಪಾಯ ಇನ್ನೂ ಹೆಚ್ಚು. ಮಧುಮೇಹದ ಲೆಕ್ಕ ಮಾತ್ರ ಇಂಗ್ಲೆಂಡಿನಂತೆ ಬರಲಿಲ್ಲ. ಇಲ್ಲಿ ಗಿಡ್ಡವಾಗಿ, ಉದ್ದಕ್ಕೆ ಮೀರಿ ದಪ್ಪವಾಗಿ ಹುಟ್ಟಿದವರಿಗೆ ಅದು ಹೆಚ್ಚು ಕಾಡಿತ್ತು. ಹಾಗಾದರೆ ಗರ್ಭಿಣಿಯ ರಕ್ತದ ಸಕ್ಕರೆಯನ್ನೇ ನೋಡಬೇಕೆಂದು 1997ರಲ್ಲಿ ಅದೇ ಆಸ್ಪತ್ರೆಯಲ್ಲಿ 'ಪಾರ್ಥೆನಾನ್' ಅಧ್ಯಯನ ಶುರುವಾಯಿತು. ಆಗ ಹುಟ್ಟಿದ ಮಕ್ಕಳನ್ನು ಡಾ. ಜಿ.ವಿ. ಕೃಷ್ಣವೇಣಿ ಮತ್ತು ತಂಡ ವರ್ಷಗಟ್ಟಲೆ ಹಿಂಬಾಲಿಸಿತು.

ಅಷ್ಟರಲ್ಲಿ ಹಳೆಯ ಪುಸ್ತಕದ ಮಕ್ಕಳು ಅಜ್ಜ ಅಜ್ಜಿಯರಾಗಿದ್ದರು. ಮನೋವೈದ್ಯ ಡಾ. ಮುರಳಿ ಕೃಷ್ಣ ಅವರಲ್ಲಿ 721 ಮಂದಿಯನ್ನು ಮತ್ತೆ ಕಂಡರು. ಈ ಅಧ್ಯಯನಕ್ಕೆ ಮೈನಾ ಎಂದು ಹೆಸರು. ಹೊಟ್ಟೆಯೊಳಗಿನ ಬೆಳವಣಿಗೆಗೂ ಮುಪ್ಪಿನ ಮರೆವಿಗೂ ನಂಟಿದೆಯೇ ಎಂಬುದು ಪ್ರಶ್ನೆ. ಪರೀಕ್ಷೆಯ ಕ್ರಮ '10/66' ಎಂಬ ಅಂತರರಾಷ್ಟ್ರೀಯ ಗುಂಪಿನದು. ಮರೆವಿನ ರೋಗಿಗಳಲ್ಲಿ ಶೇ. 66 ಮಂದಿ ಬಡ ದೇಶಗಳಲ್ಲಿದ್ದರೂ ಸಂಶೋಧನೆಯಲ್ಲಿ ಶೇ. 10 ಕೂಡ ಅವರ ಪಾಲಿಗಿಲ್ಲ ಎಂಬುದೇ ಆ ಹೆಸರಿನ ಅರ್ಥ. ಹತ್ತು ಪದಗಳನ್ನು ಕೇಳಿಸಿ ಆಮೇಲೆ ಹೇಳಿಸುವುದು, ಪ್ರಾಣಿಗಳ ಹೆಸರು ಹೇಳಿಸುವುದು, ಮನೆಯವರನ್ನು ವಿಚಾರಿಸುವುದು ಅದರಲ್ಲಿವೆ. ಓದು ಬಾರದವರನ್ನು ಮರೆಗುಳಿಗಳೆಂದು ತಪ್ಪು ತಿಳಿಯದಂತೆ ಅದನ್ನು ರೂಪಿಸಿದ್ದಾರೆ.

ಇದನ್ನೆಲ್ಲ ಓದುವಾಗ ನನಗೆ ಒಂದು ವಿಷಯ ಚುಚ್ಚಿತು. ಈ ಪುಸ್ತಕದಲ್ಲಿರುವವರು ಹೆರಿಗೆಗೆ ಆಸ್ಪತ್ರೆ ಸೇರಿದ ತಾಯಂದಿರ ಮಕ್ಕಳು. ಮನೆಯಲ್ಲಿ, ಸೂಲಗಿತ್ತಿಯ ಕೈಯಲ್ಲಿ ಹುಟ್ಟಿದ ನನ್ನಮ್ಮನಂಥವರಿಗೆ ತೂಕವೂ ಇಲ್ಲ, ತಾರೀಖೂ ಇಲ್ಲ. ಆದರೆ ಲೆಕ್ಕ ಇಲ್ಲದವರನ್ನು ಕೇಳದೆ ಬಿಡಬೇಕೆಂದಿಲ್ಲವಲ್ಲ.

ಎರಡನೆಯ ವೈದ್ಯರು ಅರ್ಧ ಗಂಟೆ ಕೂತು ಕೇಳಿದರು. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಕೊರತೆ ಕಂಡಿತು, ಮಾತ್ರೆ ಶುರುವಾಯಿತು. ಮರೆವು ಪೂರ್ತಿ ಹೋಗಲಿಲ್ಲ. ಆದರೆ ಅಮ್ಮ ಬೆಳಗ್ಗೆ ಮತ್ತೆ ತಾನೇ ಎದ್ದು ರಂಗೋಲಿ ಹಾಕತೊಡಗಿದಳು. ಮಿಷನ್ ಆಸ್ಪತ್ರೆಯ ಮುಂದೆ ಹಾದುಹೋಗುವಾಗಲೆಲ್ಲ, ತಕ್ಕಡಿಯಲ್ಲಿ ಕೂಸನ್ನಿಟ್ಟು, ಮುಳ್ಳು ನಿಲ್ಲುವವರೆಗೆ ಕಾದು, ಅಂಕಿ ಬರೆದ ಹೆಸರು ಗೊತ್ತಿಲ್ಲದ ಆ ಕೈಗಳು ನೆನಪಾಗುತ್ತವೆ.