ಗರಗಸ ಯಾರ ಮನೆಯ ಮಾತು?

ಜೂನ್ ಹತ್ತಿರ ಬಂತೆಂದರೆ ಬೆಂಗಳೂರಿನ ಅಪಾರ್ಟ್‌ಮೆಂಟ್ ವಾಟ್ಸ್ಯಾಪ್ ಗ್ರೂಪುಗಳಲ್ಲಿ ಈ ಪ್ರಶ್ನೆ ಗ್ಯಾರಂಟಿ: ‘ಹತ್ತಿರದಲ್ಲಿ ಒಳ್ಳೇ ಫೋನಿಕ್ಸ್ ಕ್ಲಾಸ್ ಇದೆಯಾ?’ ಇಂಗ್ಲೆಂಡಿನಲ್ಲಿ 1992ರಲ್ಲಿ ಬಂದ ಜಾಲಿ ಫೋನಿಕ್ಸ್‌ನಲ್ಲಿ ಮಗು ಎಬಿಸಿಡಿ ಸಾಲು ಹಿಡಿಯೋದಿಲ್ಲ. ಎಸ್, ಎ, ಟಿ, ಐ, ಪಿ, ಎನ್ ಇವುಗಳ ಸದ್ದು ಮೊದಲು. ಆರೇ ಅಕ್ಷರಕ್ಕೆ ಸ್ಯಾಟ್, ಪಿನ್, ಟ್ಯಾಪ್ ಅಂತ ಓದೋಕೆ ಬಂದುಬಿಡುತ್ತದೆ.

ನಮ್ಮ ಸರ್ಕಾರಿ ಶಾಲೆಗಳಲ್ಲೂ ಇಂಥದೇ ಒಂದು ಲೆಕ್ಕ ಇದೆ ಅಂತ ಆ ಗ್ರೂಪಿನಲ್ಲಿ ಎಷ್ಟು ಜನರಿಗೆ ಗೊತ್ತೋ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನ ಮೇಷ್ಟ್ರುಗಳು ಯುನಿಸೆಫ್ ನೆರವಿನಿಂದ, ಆಂಧ್ರದ ರಿಷಿ ವ್ಯಾಲಿ ಶಾಲೆಯ ಪದ್ಧತಿಯನ್ನು ನೋಡಿ ಕಲಿತು, ‘ನಲಿ-ಕಲಿ’ ಶುರು ಮಾಡಿದರು. ಕಾರ್ಡು, ಕಲಿಕಾ ಏಣಿ, ತಲೆಯ ಮೇಲೆ ಮಕ್ಕಳ ಚಿತ್ರ ತೂಗಿಬಿಟ್ಟ ಚಪ್ಪರ, ಗೋಡೆಯ ಬುಡದಲ್ಲಿ ಮಕ್ಕಳ ಕೈಗೆ ಎಟಕುವ ಕರಿಹಲಗೆ. ನಲಿ-ಕಲಿಯ ಮಗು ಅ ಆ ಇ ಈ ಅಂತ ಶುರು ಮಾಡೋದಿಲ್ಲ. ಅದರ ಮೊದಲ ಗುಂಪು ರ ಗ ಸ ದ ಅ. ಈ ಐದರಲ್ಲೇ ಸರ, ದರ, ಅರಸ, ಅಗಸ ಹುಟ್ಟುತ್ತವೆ. ಎಲ್ಲಕ್ಕಿಂತ ಉದ್ದದ್ದು ಗರಗಸ. ಒತ್ತು ಬೇಡ, ದೀರ್ಘ ಬೇಡ, ನಾಲ್ಕಕ್ಷರದ ಪೂರ್ತಿ ಪದ! ಮೊದಲ ಸಲ ಕೇಳಿದಾಗ ನನಗಂತೂ ಭಲೇ ಅನಿಸಿತ್ತು.

2009-10ರಲ್ಲಿ ಸರ್ಕಾರ ಇದನ್ನು ರಾಜ್ಯದ ಎಲ್ಲ ಕನ್ನಡ ಮಾಧ್ಯಮ ಸರ್ಕಾರಿ ಶಾಲೆಗಳ ಒಂದು, ಎರಡನೇ ತರಗತಿಗೆ ತಂದಿತು. ಮರುವರ್ಷ ಮೂರನೇ ತರಗತಿಗೂ. ಮೈಸೂರು ಸೀಮೆಯ ಕಾಡಂಚಿನಲ್ಲಿ ಹುಟ್ಟಿದ ಗರಗಸ ಹಾಗೆ ರಾಜ್ಯದ ಇನ್ನೊಂದು ತುದಿಯ ಕಾಡಂಚಿಗೆ, ಚಿಂಚೋಳಿ ತಾಲ್ಲೂಕಿನ ಕುಂಚಾವರಂ ಸೀಮೆಗೂ ಬಂತು.

ಕುಂಚಾವರಂ ತೆಲಂಗಾಣದ ಗಡಿಗೆ ಅಂಟಿಕೊಂಡ ಊರು. ಸುತ್ತ ಕಾಡು, ಕಾಡಿನ ನಡುವೆ ಲಂಬಾಣಿ ತಾಂಡಾಗಳು. ತೆಲುಗು, ಲಂಬಾಣಿ, ಕನ್ನಡ, ದಖನಿ ಉರ್ದು ಎಲ್ಲವೂ ಕಿವಿಗೆ ಬೀಳುವ ಜಾಗ. ಹಾಗಾಗಿದ್ದಕ್ಕೊಂದು ಇತಿಹಾಸ ಇದೆ.

ನಿಜಾಮರ ಕಾಲದಲ್ಲಿ ಇಲ್ಲಿ ಆಡಳಿತದ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಮುಂದೆ ಓದಬೇಕು, ನೌಕರಿ ಬೇಕು ಅನ್ನುವವರು ಮನೆಯ ಮಾತನ್ನು ಹೊಸ್ತಿಲಲ್ಲೇ ಬಿಡಬೇಕಿತ್ತು. ಆಮೇಲೆ 1956. ಭಾಷೆಯ ಮೇಲೆ ರಾಜ್ಯಗಳನ್ನು ವಿಂಗಡಿಸುವಾಗ ಗುಲ್ಬರ್ಗಾ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂತು, ಅದರ ಕೊಡಂಗಲ್ ಮತ್ತು ತಾಂಡೂರು ತಾಲ್ಲೂಕುಗಳು ಮಾತ್ರ ಆಂಧ್ರಕ್ಕೆ ಹೋದವು. ಚಿಂಚೋಳಿ ಈ ಕಡೆ, ಪಕ್ಕದ ತಾಂಡೂರು ಆ ಕಡೆ. ಗೆರೆ ಎಳೆದದ್ದು ತಾಲ್ಲೂಕಿನ ಲೆಕ್ಕದಲ್ಲಿ. ಮಾತು ತಾಲ್ಲೂಕಿನ ಲೆಕ್ಕದಲ್ಲಿ ಇರುತ್ತದೆಯೇ?

ಅದೇ ನವೆಂಬರ್ 1ರಂದು ಸಂವಿಧಾನಕ್ಕೆ ಇನ್ನೊಂದು ವಿಧಿಯೂ ಸೇರಿತು, 350-ಎ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಸಲು ಪ್ರತಿ ರಾಜ್ಯವೂ ಪ್ರಯತ್ನಿಸಬೇಕು ಅಂತ. ಗೆರೆ ಎಳೆದ ದಿನವೇ ಗೆರೆಯ ತಪ್ಪು ಕಡೆ ಉಳಿದ ಮಕ್ಕಳಿಗೆ ಮಾತು ಕೊಟ್ಟಾಗಿತ್ತು. ತೆಲುಗಿಗಾದರೂ ಲಿಪಿ ಇದೆ, ಪುಸ್ತಕ ಇದೆ, ಆಚೆ ಒಂದು ರಾಜ್ಯವೇ ಇದೆ. ಸ್ವಂತ ಲಿಪಿ ಇಲ್ಲದ ಲಂಬಾಣಿಯನ್ನು ಕೇಳುವವರು ಯಾರು? (ಜನಗಣತಿಯ ಪಟ್ಟಿಯಲ್ಲಿ ಅದು ‘ಹಿಂದಿ’ಯ ಕೆಳಗೆ ಬರುತ್ತದೆ. ತಾಂಡಾದ ಅಜ್ಜಿಗೆ ಇದನ್ನು ಹೇಳಿದರೆ ನಕ್ಕಾಳು.)

ಈಗ ಗರಗಸಕ್ಕೆ ವಾಪಸ್ ಬರೋಣ. ಸದ್ದು ಕೂಡಿಸಿ ಓದುವ ಉಪಾಯ ಕೆಲಸ ಮಾಡೋದು ಕೊನೆಯಲ್ಲಿ ‘ಓಹ್, ಇದಾ!’ ಅನಿಸಿದಾಗ. ಕನ್ನಡ ಮನೆಯ ಮಗು ‘ಸ-ರ’ ಅಂದ ತಕ್ಷಣ ಅಮ್ಮನ ಕೊರಳು ಕಾಣುತ್ತದೆ. ಅಮ್ಮನನ್ನು ‘ಯಾಡಿ’, ನೀರನ್ನು ‘ಪಾಣಿ’, ರೊಟ್ಟಿಯನ್ನು ‘ಬಾಟಿ’ ಅನ್ನುವ ಮಗುವಿಗೆ ‘ಅ-ಗ-ಸ’ ಕೂಡಿಸಿದರೆ ಸಿಗೋದು ಇನ್ನೊಂದು ಸದ್ದು ಅಷ್ಟೇ. ಓದಿದ್ದು ಸರಿಯೋ ತಪ್ಪೋ ಅಂತ ತನ್ನೊಳಗೇ ಪರೀಕ್ಷೆ ಮಾಡಿಕೊಳ್ಳುವ ದಾರಿ ಅದಕ್ಕಿಲ್ಲ. ಮೇಷ್ಟ್ರ ಮುಖ ನೋಡಬೇಕು.

ಕನ್ನಡದ್ದೇ ಒಂದು ಕಷ್ಟವೂ ಇದೆ. ಇಂಗ್ಲಿಷಿನಂತೆ ಅಕ್ಷರದ ಹೆಸರು ಒಂದು, ಸದ್ದು ಇನ್ನೊಂದು ಅನ್ನುವ ರಗಳೆ ಇಲ್ಲಿಲ್ಲ, ‘ಗ’ ಅಂದರೆ ಗ. ತೊಡಕು ಕಾಗುಣಿತದಲ್ಲಿ: 34 ವ್ಯಂಜನಕ್ಕೆ 13 ಸ್ವರ ಹಚ್ಚಿದರೆ 442 ರೂಪ, ಅದರ ಮೇಲೆ ಒತ್ತಕ್ಷರ. ಮಕ್ಕಳಿಗೆ ಇದು ಕೈಗೆ ಬರಲು ವರ್ಷಗಳೇ ಬೇಕು ಅಂತ ಸೊನಾಲಿ ನಾಗ್ 2007ರಲ್ಲೇ ತೋರಿಸಿದ್ದರು. ಆಮೇಲೆ ಶೈಲಜಾ ಮೆನನ್ ಮತ್ತು ಸಂಗಡಿಗರು ಸೇಡಂ, ಚಿತ್ತಾಪುರದ ನೆರೆಯ ಯಾದಗಿರಿಯಲ್ಲಿ ನಲಿ-ಕಲಿ ಮಕ್ಕಳನ್ನು ಮೂರನೇ ತರಗತಿಯವರೆಗೆ ಹಿಂಬಾಲಿಸಿ ನೋಡಿದರು. (ಅಧ್ಯಯನದ ಹೆಸರು ಲಿರಿಲ್. ಹೌದು, ಸೋಪಿನ ಹೆಸರೇ.) ಎಷ್ಟೋ ಮಕ್ಕಳು ಇನ್ನೂ ಕಾಗುಣಿತದಲ್ಲೇ ಸಿಕ್ಕಿಕೊಂಡಿದ್ದರು. ಓದಿದ್ದರ ಅರ್ಥದ ಬಗ್ಗೆ ತರಗತಿಯಲ್ಲಿ ಮಾತುಕತೆಯೇ ಕಡಿಮೆ.

ಈಗ ನಿಪುಣ್ ಭಾರತ್ ಕಾಲ. 2021ರ ಜುಲೈನಲ್ಲಿ ಶುರುವಾದ ಈ ಯೋಜನೆಯ ಗುರಿ, 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ಮಾಡಿಕೊಂಡು ಓದಬೇಕು, ನಿಮಿಷಕ್ಕೆ ಕನಿಷ್ಠ 60 ಪದ. ‘ಹೋಗಬೇಕಾಗಿತ್ತಂತೆ’ ಅನ್ನೋದು ಕನ್ನಡದಲ್ಲಿ ಒಂದೇ ಪದ ಅಂತ ದಿಲ್ಲಿಗೆ ಯಾರು ಹೇಳಬೇಕು ಅಂದುಕೊಂಡಿದ್ದೆ. 2022ರಲ್ಲಿ ಎನ್‌ಸಿಇಆರ್‌ಟಿ 20 ಭಾಷೆಗಳಿಗೆ ಬೇರೆ ಬೇರೆ ಅಳತೆ ಕೊಟ್ಟಿತು, ಸಮಾಧಾನ. ಆದರೆ ಆ ಅಳತೆ ಇರೋದು ಪುಸ್ತಕದ ಭಾಷೆಗೆ. ಮಗು ಯಾವ ಭಾಷೆಯಿಂದ ಬಂತು ಅನ್ನೋದಕ್ಕೆ ಅಳತೆಯಿಲ್ಲ.

ಅಕ್ಷರದ ಅನುಕ್ರಮದ ಬಗ್ಗೆ ನಾವು ಮೂವತ್ತು ವರ್ಷ ಜಗಳವಾಡಿದ್ದೇವೆ. ಅ ಆ ಇ ಈ ಹೋಯ್ತಲ್ಲ ಅಂತ ಕೊರಗಿದವರು, ರ ಗ ಸ ದ ಅ ಬಂತಲ್ಲ ಅಂತ ಕುಣಿದವರು, ಇಬ್ಬರೂ ಮಗುವಿಗೆ ಕನ್ನಡ ಬರುತ್ತದೆ ಅಂತಲೇ ಹಿಡಿದಿದ್ದರು. ಕುಂಚಾವರಂ ಸೀಮೆಯಲ್ಲಿ ಮೊದಲ ಕಾರ್ಡು ತೆಗೆಯುವ ಮುಂಚೆ ಕೆಲವು ತಿಂಗಳು ಬರೀ ಮಾತು ಬೇಕು. ತಾಂಡಾದ ಕಥೆ ತಾಂಡಾದ ಮಾತಲ್ಲೇ, ಆಮೇಲೆ ಅದೇ ಕಥೆ ಕನ್ನಡದಲ್ಲಿ. ಮೊದಲ ಗುಂಪಿನ ಪದಗಳಲ್ಲಿ ಒಂದೆರಡಾದರೂ ಮಗುವಿನ ಮನೆಯದಿರಲಿ. ‘ಪಾಣಿ’ ಬರೆಯೋಕೆ ಕನ್ನಡ ಲಿಪಿಯಲ್ಲಿ ಏನು ಕೊರತೆ?

ಕನ್ನಡ, ತೆಲುಗು ಲಿಪಿಗಳು ಒಂದೇ ಬೇರಿನವು. ತಲಕಟ್ಟು ಸ್ವಲ್ಪ ಬೇರೆ, ಅಷ್ಟೇ. ಇಲ್ಲಿ ಕನ್ನಡ ಕಲಿತ ಮಗು ತಾಂಡೂರು ಬಸ್ಸಿನ ಬೋರ್ಡನ್ನೂ ತಡವರಿಸಿಕೊಂಡು ಓದಬಲ್ಲದು. ಆ ಓದನ್ನು ಬರೆದುಕೊಳ್ಳೋಕೆ ಪ್ರಗತಿ ಪತ್ರದಲ್ಲಿ ಕಾಲಂ ಇಲ್ಲ.