ಕೋಲಿನ ಜಗತ್ತಿಗೆ ಬಿಲ್ಲೆ ಬಂದದ್ದು

1888ರಲ್ಲಿ ಸಸ್ಯವಿಜ್ಞಾನಿ ಫ್ರೀಡ್ರಿಕ್ ರೈನಿಟ್ಜರ್ ಎರಡು ಸಲ ಕರಗುವ ವಸ್ತುವೊಂದನ್ನು ಕಂಡರು: ಮೊದಲು ಮಬ್ಬು ದ್ರವ, ಇನ್ನಷ್ಟು ಕಾಸಿದರೆ ತಿಳಿ ದ್ರವ. ಆ ಮಬ್ಬು ಸ್ಥಿತಿಯೇ ದ್ರವಸ್ಫಟಿಕ. ಅದಕ್ಕೆ ಕೋಲಿನಂಥ ಉದ್ದನೆಯ ಅಣುಗಳೇ ಬೇಕೆಂಬ ನಂಬಿಕೆ ಮುಂದೆ ಬೇರೂರಿತು.

ಆ ನಂಬಿಕೆ ಅಲುಗಿದ್ದು ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ. ಮೈಸೂರು ವಿಶ್ವವಿದ್ಯಾಲಯದಿಂದ 1971ರಲ್ಲಿ ಅಲ್ಲಿಗೆ ಬಂದಿದ್ದ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ಅವರೊಡನೆ, ಚಪ್ಪಟೆ ಬಿಲ್ಲೆಯಂಥ ಅಣುಗಳೂ ದ್ರವಸ್ಫಟಿಕವಾಗುತ್ತವೆಂದು 1977ರಲ್ಲಿ ತೋರಿಸಿದರು. ಪೇರಿಸಿಟ್ಟ ನಾಣ್ಯಗಳಂತೆ ಅವು ಕಂಬಗಳಾಗಿ ನಿಲ್ಲುತ್ತವೆ.

ಇಷ್ಟು ದೊಡ್ಡ ಸುದ್ದಿ ಅಚ್ಚಾದದ್ದು ಬೆಂಗಳೂರಿನದೇ ‘ಪ್ರಮಾಣ’ ಪತ್ರಿಕೆಯಲ್ಲಿ. ಜಗತ್ತು ಅದನ್ನು ಹುಡುಕಿಕೊಂಡು ಬಂದು ಓದಿತು. ಮುಂದೆ ಇಂಥ ಅಣುಗಳ ತೆಳುಪದರದಿಂದ ಎಲ್‌ಸಿಡಿ ಪರದೆ ಪಕ್ಕದಲ್ಲಿ ಕೂತವರಿಗೂ ಸ್ಪಷ್ಟವಾಗಿ ಕಂಡಿತು.